ಸಿಐಡಿ 999ರ ಪರ ವಕಾಲತ್ತು

ಬಸವಕಲ್ಯಾಣ, ಹುಮನಾಬಾದ್ ಕಡೆಯ ನಾಲ್ಕಕ್ಷರ ಕಲಿತ ಜನ ಸಿನಿಮಾ ನೋಡಿದ್ದನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಟಿವಿಯಲ್ಲಿ ‘ಕಸ್ತೂರಿ ನಿವಾಸ’ವನ್ನು ಮತ್ತೊಮ್ಮೆ ನೋಡಿದ್ದರೆ ಮಾತಿನಲ್ಲಿ ಹೆಮ್ಮೆ ಇರುತ್ತದೆ, ಕಣ್ಣಲ್ಲಿ ನೀರು ಬಂತೆಂದೂ ಸೇರಿಸುತ್ತಾರೆ. ‘ಪಠಾಣ್’ ನೋಡಿದ್ದರೆ ದನಿಯೇ ಬೇರೆ. “ಹುಡುಗರು ಹಟ ಹಿಡದ್ರು ನೋಡ್ರಿ, ಅದಕ್ಕ ಹೋಗಿದ್ವಿ. ಏನದ ಅದ್ರಾಗ, ಬರೇ ಹಾರೋದು, ಜಿಗಿಯೋದು” ಎಂದು ಅಪರಾಧವನ್ನು ಮಕ್ಕಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ರೈಲಿನ ಮೇಲಿನ ಹೊಡೆದಾಟದಲ್ಲಿ ಸಲ್ಮಾನ್ ಖಾನ್ ಬಂದು ಇಳಿದಾಗ ಅಪ್ಪನೇ ಮೊದಲು ಸಿಳ್ಳೆ ಹಾಕಿದ್ದನ್ನು ಪಕ್ಕದಲ್ಲಿ ಕೂತ ಮಕ್ಕಳು ಕಂಡಿರುತ್ತಾರೆ. ಹೇಳುವುದಿಲ್ಲ ಅಷ್ಟೆ.

ಈ ಕದ್ದುಮುಚ್ಚಿ ಪಡುವ ಖುಷಿಯ ಬಗ್ಗೆ ನನಗೆ ಬಹಳ ದಿನಗಳಿಂದ ಒಂದು ತಕರಾರಿದೆ. ನಾಚಿಕೆಯೇ ಕೂಡದು ಎನ್ನುವವನು ನಾನಲ್ಲ. ಗೂಢಚಾರರ ಸಾಹಸದ ಚಿತ್ರಗಳಲ್ಲಿ ನಾಚಬೇಕಾದ್ದು ಬೇಕಾದಷ್ಟಿದೆ. ಆದರೆ ನಾವು ನಾಚುತ್ತಿರುವುದು ಅವುಗಳ ಅತಿರೇಕಕ್ಕೆ. ನಾಯಕ ವಿಮಾನದಿಂದ ವಿಮಾನಕ್ಕೆ ಹಾರಿದ್ದಕ್ಕೆ, ಖಳನಾಯಕ ಇಡೀ ಜಗತ್ತನ್ನು ಒಂದು ಸೀಸೆಯಲ್ಲಿ ತುಂಬಿಟ್ಟದ್ದಕ್ಕೆ. ಅತಿರೇಕ ಈ ಚಿತ್ರಗಳ ಅತ್ಯಂತ ಪ್ರಾಮಾಣಿಕ ಗುಣ ಎಂಬುದು ನನ್ನ ವಾದ. ಅವು ಹಾರುವುದನ್ನು ಬಿಟ್ಟು ನೆಲಕ್ಕಿಳಿದು, ‘ಇದು ನಡೆದ ಸಂಗತಿ’ ಎಂದು ಪ್ರಮಾಣ ಮಾಡಿದಾಗ ನಾವು ಎಚ್ಚರವಾಗಬೇಕು. ನಮ್ಮ ಕಡೆಯವರು ಇದನ್ನು ಉಳಿದವರಿಗಿಂತ ಚೆನ್ನಾಗಿ ತಿಳಿದಿರಬೇಕಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಕನ್ನಡದ ಗೂಢಚಾರನನ್ನು ಕರೆಯೋಣ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ತೆಗೆದರು. ಡಾ. ರಾಜ್‌ಕುಮಾರ್ ಸಿಐಡಿ ಪ್ರಕಾಶ್. ಇಲಾಖೆ ಕೊಟ್ಟ ನಂಬರು 999. ಇಂಗ್ಲಿಷಿನ ಬಾಂಡ್‌ಗೆ 007 ಇದ್ದರೆ ನಮ್ಮವನಿಗೆ 999, ಮೂರಂಕಿಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು. ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಅದರಲ್ಲಿ. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಅದರಲ್ಲಿ ರೇಖಾ ನಾಯಕಿ. ಮುಂದೆ ಹಿಂದಿ ಚಿತ್ರರಂಗವನ್ನು ಆಳಿದ ರೇಖಾ ಅವರೇ. ಸುಮಾರು ಹತ್ತು ವರ್ಷ ಸುಮ್ಮನಿದ್ದ 999 ಮತ್ತೆ ಎದ್ದದ್ದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ. ರಾಜ್‌ಕುಮಾರ್ ತಾವೇ ದನಿ ಕೊಟ್ಟು ಹಾಡಿದ ‘ಇಫ್ ಯೂ ಕಮ್ ಟುಡೇ’ ಎಂಬ ಇಂಗ್ಲಿಷ್ ಹಾಡು ಇದರದ್ದೇ.

ಆ ಹಾಡಿನ ಬಳಿ ಸ್ವಲ್ಪ ನಿಲ್ಲಬೇಕು. ಇಂಟರ್‌ನೆಟ್ ಬಂದ ಮೇಲೆ ಅದು ದೇಶವೆಲ್ಲ ಸುತ್ತಿತು. ಕನ್ನಡ ಬಾರದವರೂ ನೋಡಿ ನಕ್ಕರು. ಅವರ ನಗು ಕಂಡು ನಮ್ಮ ಕೆಲವರಿಗೆ ಸಿಟ್ಟು ಬಂತು, ಇನ್ನು ಕೆಲವರಿಗೆ ಮುಜುಗರವಾಯಿತು. ಎರಡೂ ಬೇಕಿರಲಿಲ್ಲ. ಹಾಡನ್ನು ಕಿವಿಗೊಟ್ಟು ಕೇಳಿ. ಕೆಲವೇ ಇಂಗ್ಲಿಷ್ ಪದಗಳನ್ನು ಹಿಂದೆಮುಂದೆ ಮಾಡಿ ಕಟ್ಟಿದ ಅದರಲ್ಲಿ ಹೇಳಬೇಕಾದ ಅರ್ಥವೇನೂ ಇಲ್ಲ, ಇರಬೇಕೆಂದು ಯಾರೂ ಬಯಸಿಯೂ ಇಲ್ಲ. ಜಿ.ಕೆ. ವೆಂಕಟೇಶರ ತಾಳ ಓಡುತ್ತದೆ. ಅದರ ಮೇಲೆ ಆ ಕಂಠ ಪ್ರತಿ ಅಕ್ಷರವನ್ನೂ ಒತ್ತಿ, ಬಿಡಿಸಿ, ಪುರಂದರದಾಸರ ಪದ ಹಾಡುವಾಗಿನ ಶ್ರದ್ಧೆಯಲ್ಲೇ ಉಚ್ಚರಿಸುತ್ತದೆ. ಅರ್ಧ ಮನಸ್ಸಿನಿಂದ ಒಂದು ಸ್ವರವೂ ಹೊರಬಿದ್ದಿಲ್ಲ. 1977ರಲ್ಲಿ ‘ಬಬ್ರುವಾಹನ’ದಲ್ಲಿ ಅರ್ಜುನನೂ ಆಗಿ ಅವನ ಮಗನೂ ಆಗಿ ತನ್ನ ಮೇಲೆ ತಾನೇ ಬಿಲ್ಲೆತ್ತಿದ ನಟ, ಮರುವರ್ಷ ಪಿಸ್ತೂಲು ಹಿಡಿದು ಇಂಗ್ಲಿಷ್ ಹಾಡಿದ್ದು ಅಷ್ಟೇ ಮನಸ್ಸಿಟ್ಟು. ತಮಾಷೆಯ ಕೆಲಸವನ್ನು ಗಂಭೀರವಾಗಿ ಮಾಡುವವರನ್ನು ಕಂಡರೆ ನನಗೆ ಗೌರವ. ತಾನು ಮಾಡುತ್ತಿರುವುದನ್ನು ತಾನೇ ಗೇಲಿ ಮಾಡಿಕೊಂಡು, ಪ್ರೇಕ್ಷಕನ ಕಡೆ ಕಣ್ಣು ಮಿಟುಕಿಸುವ ಈಗಿನ ಸ್ಟೈಲು ನನಗೆ ಹೇಡಿತನದಂತೆ ಕಾಣುತ್ತದೆ.

ಇನ್ನೊಂದು ಮಾತು. ‘ಜೇಡರ ಬಲೆ’ ಮಾಡಿದ ಅದೇ ದೊರೈ–ಭಗವಾನ್ 1971ರಲ್ಲಿ ‘ಕಸ್ತೂರಿ ನಿವಾಸ’ ಮಾಡಿದರು, 1974ರಲ್ಲಿ ‘ಎರಡು ಕನಸು’, 1976ರಲ್ಲಿ ‘ಬಯಲುದಾರಿ’. ನಾವು ಕಣ್ಣೀರಿಟ್ಟು ಮೆಚ್ಚುವ ಚಿತ್ರಗಳೂ ನಾವು ಮುಚ್ಚಿಟ್ಟು ನೋಡುವ ಚಿತ್ರಗಳೂ ಒಂದೇ ಕುಲುಮೆಯಲ್ಲಿ ಹುಟ್ಟಿದವು. ಮಾಡಿದವರಿಗೆ ಇಲ್ಲದ ಮಡಿಮೈಲಿಗೆ ನೋಡುವವರಿಗೆ ಎಲ್ಲಿಂದ ಬಂತು?

ಬಂದದ್ದು ಶಾಲೆಯಿಂದ ಎಂದು ನನ್ನ ಗುಮಾನಿ. ಸಿನಿಮಾಕ್ಕಿಂತ ಮೊದಲು ಇದೇ ಅವಮಾನ ಪತ್ತೇದಾರಿ ಕಾದಂಬರಿಗೆ ಆಗಿತ್ತು. ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ. ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ ಮಾಡಿದವರು. 1950ರ ದಶಕದಿಂದ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಐನೂರರಷ್ಟು ಕಾದಂಬರಿ ಬರೆದು, ಪುಸ್ತಕವೆಂದರೆ ದೂರ ಓಡುತ್ತಿದ್ದ ಲಕ್ಷಾಂತರ ಕನ್ನಡಿಗರನ್ನು ಓದುಗರನ್ನಾಗಿ ಮಾಡಿದರು. ಮೇಷ್ಟರು ಕಂಡರೆ ಪೆಟ್ಟು ಬೀಳುತ್ತಿತ್ತು. ಹುಡುಗರು ಗಣಿತದ ಪುಸ್ತಕದೊಳಗೆ ಇಟ್ಟು ಓದಿದರು. ಕನ್ನಡ ಓದುವ ಚಟ ಹತ್ತಿದ್ದೇ ಅವರಿಂದ ಎಂದು ದೊಡ್ಡ ಸಾಹಿತಿಗಳು ಒಪ್ಪಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಮುಚ್ಚಿಟ್ಟು ಓದಿದವರೇ ಮುಂದೆ ಮೇಷ್ಟರಾಗಿ ಮತ್ತೆ ಪೆಟ್ಟು ಕೊಟ್ಟರು. ಈ ಚಕ್ರ ಚೆನ್ನಾಗಿ ತಿರುಗುತ್ತದೆ.

ನಮ್ಮ ಕಡೆ ಒಂದು ವಿಶೇಷವುಂಟು. ಬೀದರ ಜಿಲ್ಲೆಯೆಂದರೆ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಒಂದೇ ಅಂಗಡಿ ಕಟ್ಟೆಯ ಮೇಲೆ ಕೂತು ಮಾತಾಡುವ ಸೀಮೆ. ಬೆಂಗಳೂರಿನವರಿಗೆ 999 ಒಬ್ಬನೇ ಗೂಢಚಾರ. ಇಲ್ಲಿನವರ ಎದುರಿಗೆ ಸಾಲೇ ಇತ್ತು. 1966ರಲ್ಲಿ ತೆಲುಗಿನಲ್ಲಿ ಕೃಷ್ಣ ಅವರ ‘ಗೂಢಚಾರಿ 116’. ಅದನ್ನೇ ಹಿಂದಿಗೆ ತಂದು 1967ರಲ್ಲಿ ಜಿತೇಂದ್ರರ ‘ಫರ್ಜ್’, ಅಲ್ಲಿಯೂ ನಾಯಕ 116. ಮರುವರ್ಷ ಧರ್ಮೇಂದ್ರರ ‘ಆಂಖೇಂ’. ಅದನ್ನು ತೆಗೆದ ರಾಮಾನಂದ ಸಾಗರ್ ಮುಂದೆ ದೂರದರ್ಶನದಲ್ಲಿ ‘ರಾಮಾಯಣ’ ತೋರಿಸಿ ಇಡೀ ದೇಶದ ಭಾನುವಾರದ ಬೆಳಗನ್ನು ತಮ್ಮದಾಗಿಸಿಕೊಂಡರು. ಹಾರುವ ಗೂಢಚಾರನಿಂದ ಹಾರುವ ಹನುಮಂತನವರೆಗೆ ದೂರ ಬಹಳವೇನಲ್ಲ. ನಮ್ಮ ಜನ ಎರಡನ್ನೂ ಒಂದೇ ಕಣ್ಣಿನಿಂದ ನೋಡಿದರು. ಭಾಷೆ ಯಾವುದಾದರೇನು, ಬಾಂಬಿನ ಗಡಿಯಾರ ನಿಲ್ಲುವುದು ಕೊನೆಯ ಸೆಕೆಂಡಿನಲ್ಲೇ.

ಇವೆಲ್ಲ ಬರೀ ಸುಳ್ಳೇ? ‘ಜೇಡರ ಬಲೆ’ಯ ಕಥೆಯ ಬೇರು ಯಾವ ಲೋಹವನ್ನಾದರೂ ಚಿನ್ನ ಮಾಡುವ ಒಂದು ಸೂತ್ರ. ಕೇಳಿದರೆ ನಗು ಬರುತ್ತದೆ. ಆದರೆ ಕಾಲವನ್ನು ನೋಡಿ. ಆಭರಣಕ್ಕೆ 14 ಕ್ಯಾರೆಟ್ ಮೀರಿದ ಚಿನ್ನ ಕೂಡದೆಂದು 1963ರಲ್ಲಿ ಸರ್ಕಾರ ನಿಯಮ ತಂದಿತ್ತು. ಊರೂರಿನ ಅಕ್ಕಸಾಲಿಗರು ಕೆಲಸವಿಲ್ಲದೆ ಕೂತಿದ್ದರು. ಚಿನ್ನ ನಿಯಂತ್ರಣ ಕಾಯ್ದೆ ಬಂದದ್ದು ಇದೇ 1968ರಲ್ಲಿ. ಮಗಳ ಮದುವೆಗೆ ನಾಲ್ಕು ತೊಲ ಚಿನ್ನ ಕೂಡಿಸುವುದು ಹೇಗೆಂದು ಚಿಂತಿಸುವವನ ಮುಂದೆ, ಕಬ್ಬಿಣವನ್ನು ಚಿನ್ನ ಮಾಡುವ ಸೂತ್ರಕ್ಕಾಗಿ ಕಾರು ಓಡಿಸುವ ರಾಜ್‌ಕುಮಾರ್! ಗೋವಾದ ಮಾತೂ ಹಾಗೇ. 1961ರ ಡಿಸೆಂಬರ್ ತನಕ ಪೋರ್ಚುಗೀಸರ ಕೈಯಲ್ಲಿದ್ದ ಊರು 1968ರ ಕನ್ನಡಿಗನಿಗೆ ಪಕ್ಕದ ಮನೆಯೂ ಹೌದು, ಪರದೇಶವೂ ಹೌದು. ಪಾಸ್‌ಪೋರ್ಟ್ ಇಲ್ಲದವರಿಗೆ ನಿರ್ದೇಶಕರು ಪರದೇಶ ತೋರಿಸಿದರು. ಅತಿರೇಕದ ಕಥೆ ಆಕಾಶದಿಂದ ಉದುರುವುದಿಲ್ಲ. ಜನ ಯಾವುದಕ್ಕೆ ಬಾಯಿ ಬಿಡುತ್ತಿದ್ದಾರೆ ಎಂಬುದನ್ನು ಅದು ಎಷ್ಟೋ ಸಲ ಗಂಭೀರ ಚಿತ್ರಗಳಿಗಿಂತ ಮೊದಲೇ ಹಿಡಿದಿರುತ್ತದೆ.

ಅತಿರೇಕವೇ ಹೀನ ಎನ್ನುವವರು ಮೊದಲು ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಇತಿಹಾಸವನ್ನು ನೋಡಬೇಕು. ಇಲ್ಲಿಂದ ಆಳಿದ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯಗಳು. ರಾಜ್ಯ ಗಳಿಸುವುದು, ಉಳಿಸುವುದು ಎಲ್ಲ ಅದರಲ್ಲಿದೆ. ಆದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ಮೂರು ಉಪಭೋಗಕ್ಕೆ, ವಿನೋದಕ್ಕೆ, ಕ್ರೀಡೆಗೆ ಮೀಸಲು. ಮಲ್ಲರ ಕಾಳಗ, ಆನೆಗಳ ಓಟ, ಹುಂಜದ ಜಗಳ, ಕಥೆ ಕೇಳುವ ವಿನೋದ. ಸಿಂಹಾಸನದ ಮೇಲೆ ಕೂತವನಿಗೇ ಮನರಂಜನೆ ನಾಚಿಕೆಯ ವಿಷಯವಾಗಿರಲಿಲ್ಲ. ಊರಿನಲ್ಲಿರುವ ದರ್ಗಾದ ಪೀರರನ್ನು ಜನ ರಾಜಾ ಬಾಗ್ ಸವಾರ್ ಎಂದೇ ಕರೆಯುತ್ತಾರೆ, ಹುಲಿ ಏರಿ ಬಂದವರು ಎಂದು. ಮುಂಬೈ ಸಿನಿಮಾದ ಗೂಢಚಾರ ‘ಟೈಗರ್’ಗಿಂತ ಎಷ್ಟೋ ಶತಮಾನ ಹಿರಿಯರು. ಹುಮನಾಬಾದಿನಲ್ಲಿ ವೀರಭದ್ರೇಶ್ವರನ ಜಾತ್ರೆ. ವೀರಭದ್ರನೆಂದ ಮೇಲೆ ಅವನ ವೇಷದಲ್ಲಿ ಕುಣಿಯುವ ಪುರವಂತರು, ಪುರವಂತರೆಂದ ಮೇಲೆ ಅವರು ಅಬ್ಬರಿಸಿ ಹೇಳುವ ಒಡಪು. ಕೈಯಲ್ಲಿ ಕತ್ತಿ, ಗೆಜ್ಜೆಯ ಸದ್ದು. ದಕ್ಷನ ಯಜ್ಞ ಮುರಿಯಲು ಶಿವನ ಜಟೆಯಿಂದ ಎದ್ದು ಬಂದ ವೀರನ ಅಬ್ಬರ. ಅದನ್ನು ಕೇಳುತ್ತ ನಿಂತವರಲ್ಲಿ ‘ಜಟೆಯಿಂದ ಮನುಷ್ಯ ಹುಟ್ಟಲು ಸಾಧ್ಯವೇ’ ಎಂದು ಕೇಳಿದವರನ್ನು ನಾನು ಕಂಡಿಲ್ಲ. ದೇವರ ಕಥೆಗೆ ಭಕ್ತಿಯ ಮರ್ಯಾದೆ ಇದೆ, ಸಿನಿಮಾಕ್ಕಿಲ್ಲ, ಒಪ್ಪಿದೆ. ಆದರೆ ಅತಿರೇಕವನ್ನು ಸವಿಯುವ ಕಿವಿ ನಮ್ಮ ಜನಕ್ಕೆ ಹೊಸದಲ್ಲ, ಹೊರಗಿನಿಂದ ಬಂದದ್ದೂ ಅಲ್ಲ.

ಇದೇ ಕಲ್ಯಾಣದಲ್ಲಿ ಶರಣರು ಮಾತನ್ನು ಬತ್ತಲೆ ಮಾಡಿದರು, ಆಡಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಕೂದಲೆಳೆಯ ಅಂತರ ಬಿಡಲಿಲ್ಲ. ‘ಬಸವಣ್ಣನ ಊರವರಾಗಿ ಸುಳ್ಳಿನ ಸಿನಿಮಾಕ್ಕೆ ವಕಾಲತ್ತು ಮಾಡುತ್ತೀರಲ್ಲ’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಶರಣರ ಜಗಳ ಕಥೆಯೊಂದಿಗೆ ಇರಲಿಲ್ಲ, ನಟನೆಯನ್ನೇ ನಿಜವೆಂದು ಮಾರುವವರೊಂದಿಗೆ ಇತ್ತು. ಸುಳ್ಳೆಂದು ಹೇಳಿ ಹೇಳಿದ ಸುಳ್ಳಿನಿಂದ ಯಾರೂ ಮೋಸ ಹೋಗುವುದಿಲ್ಲ.

ಮೋಸಕ್ಕೆ ಉದಾಹರಣೆ ಬೇಕಿದ್ದರೂ ಕಲ್ಯಾಣದ ಆಚೆ ಹೋಗಬೇಕಿಲ್ಲ. ಸೋಮೇಶ್ವರನ ತಂದೆ ಆರನೇ ವಿಕ್ರಮಾದಿತ್ಯ, 1076ರಿಂದ 1126ರವರೆಗೆ ಆಳಿದ ದೊಡ್ಡ ದೊರೆ. ಪಟ್ಟಕ್ಕೆ ಬಂದದ್ದು ಒಡಹುಟ್ಟಿದ ಅಣ್ಣ ಎರಡನೇ ಸೋಮೇಶ್ವರನನ್ನು ಸೋಲಿಸಿ. ಕಾಶ್ಮೀರದಿಂದ ಊರೂರು ಅಲೆದು ಬಂದ ಬಿಲ್ಹಣ ಈ ದೊರೆಯ ಆಸ್ಥಾನದಲ್ಲಿ ವಿದ್ಯಾಪತಿ ಎಂಬ ಪದವಿಯಲ್ಲಿದ್ದು ಹದಿನೆಂಟು ಸರ್ಗಗಳ ‘ವಿಕ್ರಮಾಂಕದೇವಚರಿತ’ ಬರೆದ. ಅದರ ವರ್ಣನೆಗಳು ಇಂದಿನ ಯಾವ ಸಾಹಸ ಚಿತ್ರಕ್ಕೂ ಕಡಿಮೆಯಿಲ್ಲ. ಅದು ತಪ್ಪಲ್ಲ; ಮಹಾಕಾವ್ಯ ಇರುವುದೇ ಹಾಗೆ. ತಪ್ಪಿರುವುದು ಸದ್ದಿಲ್ಲದೆ ಸೇರಿಸಿದ ಇನ್ನೊಂದು ಮಾತಿನಲ್ಲಿ. ತಂದೆ ಕೊಡಲು ಬಂದ ಯುವರಾಜ ಪದವಿಯನ್ನು ವಿಕ್ರಮ ಅಣ್ಣನಿಗಿರಲೆಂದು ಒಲ್ಲೆನೆಂದನಂತೆ. ಕೊನೆಗೆ ಅಣ್ಣನ ಮೇಲೆ ಯುದ್ಧಕ್ಕೆ ಹೋಗಲು ಮನಸ್ಸಿಲ್ಲದಿದ್ದರೂ ಶಿವನೇ ಕಾಣಿಸಿಕೊಂಡು ಹೋಗೆಂದನಂತೆ. ಅಂದರೆ ಪಟ್ಟ ಕಿತ್ತುಕೊಂಡ ರಾಜಕಾರಣಕ್ಕೆ ಕವಿ ಶಿವನ ಸಹಿ ಹಾಕಿಸಿಕೊಟ್ಟ. ಚರಿತ್ರೆಕಾರರು ಈ ಭಾಗವನ್ನು ಅನುಮಾನ ಇಟ್ಟುಕೊಂಡೇ ಓದುತ್ತಾರೆ. ದೊರೆಯ ಬಿಲ್ಲಿನ ಟೇಂಕಾರಕ್ಕೆ ದಿಕ್ಕುಗಳು ನಡುಗಿದವು ಎಂದರೆ ಯಾರೂ ನಂಬುವುದಿಲ್ಲ, ಯಾರಿಗೂ ನಷ್ಟವಿಲ್ಲ. ಅಣ್ಣ ಕೆಟ್ಟವನಾಗಿದ್ದ ಎಂದರೆ ನಂಬುತ್ತಾರೆ. ಒಂಬೈನೂರು ವರ್ಷವಾದರೂ ಆ ಸೋಮೇಶ್ವರನ ಪರವಾಗಿ ಮಾತಾಡುವವರಿಲ್ಲ.

ಗೂಢಚಾರ ಚಿತ್ರಗಳಿಗೂ ಇದೇ ಅಳತೆಗೋಲು ಸಾಕು.

ಈಗ ನಮ್ಮ ಕಡೆಯವರ ಅನುಭವಕ್ಕೆ ಬರೋಣ. ಗೂಢಚಾರ ಕಥೆ ಬೀದರ ಸೀಮೆಯಲ್ಲಿ ಪರದೆಯ ಮೇಲಿನ ಮಾತಾಗಿ ಉಳಿಯಲಿಲ್ಲ, ನೆಲದ ಮೇಲೆ ನಡೆದುಹೋಯಿತು. 1948ರ ಬೇಸಿಗೆ, ಮಳೆಗಾಲ. ನಿಜಾಮನ ಹೈದರಾಬಾದ್ ಭಾರತಕ್ಕೆ ಸೇರಲು ಒಲ್ಲೆನೆನ್ನುತ್ತಿದೆ. ಸಂಸ್ಥಾನದ ಸುತ್ತ ದಿಗ್ಬಂಧನ. ಆಗ ರಾತ್ರಿ ಹೊತ್ತು ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಬೀದರ ಮತ್ತು ವಾರಂಗಲ್ಲಿನ ವಿಮಾನ ಪಟ್ಟಿಗಳಲ್ಲಿ ಇಳಿಯುತ್ತಿದ್ದವು. ಲ್ಯಾಂಕಾಸ್ಟರ್ ಬಾಂಬರ್‌ನ ಹೊಟ್ಟೆ ಬದಲಿಸಿ ಸಾಗಣೆಗೆ ಮಾಡಿದ ನಾಲ್ಕು ಎಂಜಿನ್ನಿನ ವಿಮಾನ ಅದು. ಹೊಟ್ಟೆಯಲ್ಲಿ ಬಂದೂಕು, ಮದ್ದುಗುಂಡು. ನಡೆಸುತ್ತಿದ್ದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಸಾಹಸಿ. ಈತನ ಹಿಂದಿನ ಕಥೆ ಇನ್ನೂ ರಂಜಕ. ಎರಡನೇ ಮಹಾಯುದ್ಧ ಶುರುವಾಗುವ ಮುಂಚೆ ವ್ಯಾಪಾರಿಯ ಸೋಗಿನಲ್ಲಿ ಲಾಕ್‌ಹೀಡ್ ವಿಮಾನ ಹಾರಿಸುತ್ತ, ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಅಡಗಿಸಿ, ಬ್ರಿಟಿಷ್ ಗುಪ್ತಚರರಿಗಾಗಿ ಜರ್ಮನಿಯ ಸೇನಾ ನೆಲೆಗಳ ಫೋಟೋ ತೆಗೆದವನು. ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್‌ಗೆ ಪರಿಚಿತ. ಆ ಪಾತ್ರಕ್ಕೆ ಅಚ್ಚಾದವರ ಸಾಲಿನಲ್ಲಿ ಇವನ ಹೆಸರನ್ನೂ ಹೇಳುವವರಿದ್ದಾರೆ. ಹೈದರಾಬಾದಿಗೆ ಶಸ್ತ್ರ ಸಾಗಿಸಿದ್ದಕ್ಕೆ ಬ್ರಿಟನ್ನಿನ ಕೋರ್ಟು ಕೊನೆಗೆ ಹಾಕಿದ ದಂಡ 200 ಪೌಂಡು. ‘ಜೇಡರ ಬಲೆ’ ತೆರೆಕಂಡ ಮರುವರ್ಷ ಆತ ತೀರಿಕೊಂಡ.

ಇದನ್ನು ಯಾರಾದರೂ ಚಿತ್ರಕಥೆಯೆಂದು ತಂದಿದ್ದರೆ “ಏನ್ ಬಿಡ್ತಾನಪ್ಪಾ ಇಂವ!” ಎಂದು ನಿರ್ಮಾಪಕರು ಎದ್ದು ಹೋಗುತ್ತಿದ್ದರು. ಹೈದರಾಬಾದನ್ನು ಸೇರಿಸಿಕೊಳ್ಳಲು ಭಾರತದ ಸೈನ್ಯ ನಡೆಸಿದ ಕಾರ್ಯಾಚರಣೆಗೆ ಇಟ್ಟ ‘ಆಪರೇಷನ್ ಪೋಲೋ’ ಎಂಬ ಹೆಸರು ದೊರೈ–ಭಗವಾನ್ ಇಟ್ಟ ಹೆಸರುಗಳ ಪಕ್ಕದಲ್ಲಿ ಸಲೀಸಾಗಿ ಕೂರುತ್ತದೆ. ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ.ಎನ್. ಚೌಧರಿ ಅವರ ಪಡೆ ಹೊರಟಿತು. ನಳದುರ್ಗ, ಉಮರ್ಗಾ, 14ರ ಮಧ್ಯಾಹ್ನದ ಹೊತ್ತಿಗೆ ನಮ್ಮ ರಾಜೇಶ್ವರ. ದಾರಿಯುದ್ದಕ್ಕೂ ಹೊಂಚುಹಾಕಿ ಕೂತ ಜಾಗಗಳ ಮೇಲೆ ಟೆಂಪೆಸ್ಟ್ ವಿಮಾನಗಳು ಗುಂಡಿನ ಮಳೆಗರೆದ ಮೇಲೆ ರಸ್ತೆ ತೆರವಾಯಿತು. ಇವತ್ತು ಬಸವಕಲ್ಯಾಣದವರು ಹೈದರಾಬಾದಿಗೆ ಹೋಗಲು ಹಿಡಿಯುವ, ಹುಮನಾಬಾದ್ ಮೇಲೆ ಹಾದು ಹೋಗುವ ಹೆದ್ದಾರಿಯೇ ಅದು. 17ರ ಹೊತ್ತಿಗೆ ಎಲ್ಲ ಮುಗಿದಿತ್ತು.

ಎಲ್ಲ ಎಂದರೆ ಎಲ್ಲವೂ ಅಲ್ಲ. ಸಿನಿಮಾದಲ್ಲಿ ಸಿಗದ ಭಾಗ ಅದರ ಹಿಂದೆಮುಂದೆ ಇದೆ. ಅದೇ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾ ಗ್ರಾಮಕ್ಕೆ ನಿಜಾಮನ ಪರವಾಗಿದ್ದ ರಜಾಕಾರ ಪಡೆಯವರು ನುಗ್ಗಿ ಇನ್ನೂರರಷ್ಟು ಜನರನ್ನು ಕೊಂದಿದ್ದರು. ಹುತಾತ್ಮರ ಸ್ಮಾರಕ ಅಲ್ಲಿದೆ. ಜನ ಪೊಲೀಸ್ ಆಕ್ಷನ್ ಎನ್ನುವ ಸೈನ್ಯದ ಆ ಕಾರ್ಯಾಚರಣೆ ಮುಗಿದ ಮೇಲಿನ ದಿನಗಳಲ್ಲಿ ಸೇಡು ಇನ್ನೊಂದು ಕಡೆಗೆ ತಿರುಗಿತು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ಓಡಾಡಿ ವರದಿ ಕೊಟ್ಟಿತು. ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ಅದರ ಅಂದಾಜು, ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ನೊಂದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಆ ವರದಿ ಸಾಮಾನ್ಯ ಓದುಗರ ಕೈಗೆ ಸಿಕ್ಕಿದ್ದು 2013ರಲ್ಲಿ.

ಈ ಎರಡೂ ಸಂಗತಿ ಒಂದೇ ಜಿಲ್ಲೆಯಲ್ಲಿ, ಒಂದೇ ವರ್ಷದಲ್ಲಿ ನಡೆದವು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಅರ್ಧ ಸತ್ಯವೂ ಅಲ್ಲ. ನಿಜವನ್ನು ಹೇಳುತ್ತೇನೆಂದು ಕ್ಯಾಮೆರಾ ಎತ್ತುವವನ ಹೆಗಲಿಗೆ ಬೀಳುವ ಭಾರ ಇಂಥದ್ದು. 999ಗೆ ಈ ಭಾರವಿಲ್ಲ. ಅವನು ಯಾರ ಅಜ್ಜನನ್ನೂ ಕೊಂದವನಲ್ಲ, ಯಾರ ಅಜ್ಜನ ಮೇಲೂ ಆರೋಪ ಹೊರಿಸಿದವನಲ್ಲ.

ಈಗಿನ ಹಿಂದಿ ಚಿತ್ರಗಳನ್ನು ಈ ಬೆಳಕಿನಲ್ಲಿಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಹೆಚ್ಚು ಹುಚ್ಚಾಟದ ಚಿತ್ರಗಳೇ ಹೆಚ್ಚು ಉದಾರವಾಗಿವೆ. 2012ರ ‘ಏಕ್ ಥಾ ಟೈಗರ್’ನಲ್ಲಿ ರಾ ಏಜೆಂಟ್ ಐಎಸ್‌ಐನವಳನ್ನು ಪ್ರೀತಿಸಿ ಇಬ್ಬರೂ ತಂತಮ್ಮ ಇಲಾಖೆಗೆ ಕೈಕೊಟ್ಟು ಓಡಿಹೋಗುತ್ತಾರೆ. 2017ರ ‘ಟೈಗರ್ ಜಿಂದಾ ಹೈ’ನಲ್ಲಿ ಎರಡೂ ದೇಶದ ಗೂಢಚಾರರು ಒಟ್ಟಿಗೆ ಸೇರಿ ನರ್ಸ್‌ಗಳನ್ನು ಬಿಡಿಸುತ್ತಾರೆ. 2023ರ ‘ಪಠಾಣ್’ನಲ್ಲಿ ನಾಯಕಿ ಪಾಕಿಸ್ತಾನದವಳು; ದೇಶಕ್ಕೆ ಕಂಟಕನಾದ ಜಿಮ್ ನಮ್ಮದೇ ಇಲಾಖೆಯಲ್ಲಿದ್ದವನು. ಚಿತ್ರ ಶುರುವಾಗುವುದು 370ನೇ ವಿಧಿ ರದ್ದಾದ ಸುದ್ದಿಯಿಂದ, ಪಾಕಿಸ್ತಾನದ ಜನರಲ್‌ನ ಸಿಟ್ಟಿನಿಂದ ನಿಜ. ಆದರೆ ಬೆನ್ನಿಗೆ ಯಂತ್ರ ಕಟ್ಟಿಕೊಂಡು ಇಬ್ಬರು ಗಂಡಸರು ಹಿಮದ ಮೇಲೆ ಹಕ್ಕಿಗಳ ಹಾಗೆ ಹಾರಾಡುತ್ತ ಬಡಿದಾಡುವಷ್ಟರಲ್ಲಿ ರಾಜಕಾರಣ ಎಲ್ಲೋ ಕೆಳಗೆ ಉಳಿದುಹೋಗಿರುತ್ತದೆ. ಪ್ರೇಕ್ಷಕ ನಗುತ್ತಾನೆ, ಸಿಳ್ಳೆ ಹಾಕುತ್ತಾನೆ, ಹೊರಬಂದು ಪಾರ್ಕಿಂಗ್‌ನಲ್ಲಿ ಸ್ಕೂಟರ್ ಹುಡುಕುತ್ತಾನೆ. ಪಕ್ಕದ ಸೀಟಿನಲ್ಲಿ ಕೂತವನ ಹೆಸರು ಏನೆಂಬುದು ಅವನ ತಲೆಗೆ ಹೊಳೆಯುವುದಿಲ್ಲ.

ಇನ್ನೊಂದು ಬಗೆ ನೋಡಿ. 2025ರ ಡಿಸೆಂಬರ್‌ನಲ್ಲಿ ಬಂದ ಆದಿತ್ಯ ಧರ್ ಅವರ ‘ಧುರಂಧರ್’. ಕಸುಬು ಗಟ್ಟಿಯಿದೆ; ಕೂತವರನ್ನು ಏಳಗೊಡುವುದಿಲ್ಲ. ಆದರೆ ಕಟ್ಟುಕಥೆಯ ನಾಯಕನ ಸುತ್ತ ಕರಾಚಿಯ ಲ್ಯಾರಿಯಲ್ಲಿ ನಿಜವಾಗಿ ಇದ್ದ ರೆಹಮಾನ್ ಡಕೈತನನ್ನು ನಿಲ್ಲಿಸಿ, ಮುಂಬೈಯ 26/11ರ ದಾಳಿಕೋರರ ನಿಜವಾದ ಫೋನ್ ಮಾತುಗಳನ್ನು ಕಥೆಯ ನಡುವೆ ಕೇಳಿಸಿದಾಗ, ಯಾವುದು ನಡೆದದ್ದು, ಯಾವುದು ಬರೆದದ್ದು ಎಂಬ ಗೆರೆ ಅಳಿಸಿಹೋಗುತ್ತದೆ. ಕಣ್ಣೀರು ನಿಜವಾದ ಸಾವಿಗೆ ಬರುತ್ತದೆ, ಸಿಟ್ಟು ಕಟ್ಟಿದ ದೃಶ್ಯದ ಮೇಲೆ ಏರುತ್ತದೆ. ಇಂಥ ಚಿತ್ರ ನೋಡಿದ್ದನ್ನು ನಮ್ಮ ಓದಿದ ಜನ ಮುಚ್ಚಿಡುವುದಿಲ್ಲ. ಹೆಮ್ಮೆಯಿಂದ ಹೇಳುತ್ತಾರೆ, ಚರ್ಚಿಸುತ್ತಾರೆ, ‘ಎಲ್ಲರೂ ನೋಡಬೇಕು’ ಎನ್ನುತ್ತಾರೆ. ನಾಚಿಕೆಯೆಲ್ಲ ಪಾಪ ಆ ಹಾರುವವನ ಪಾಲಿಗೆ. ಮುಂಬೈಯ ಸಾವು ಕಟ್ಟುಕಥೆಯಲ್ಲ, ಅದರ ಸಿಟ್ಟು ನನಗೂ ಇದೆ. ನನ್ನ ತಕರಾರು ಆ ಸಿಟ್ಟನ್ನು ಸಾಲ ತಂದು ಕಟ್ಟುಕಥೆಗೆ ಬಂಡವಾಳ ಹೂಡುವುದರ ಮೇಲೆ. ಬಿಲ್ಹಣ ಶಿವನ ಸಹಿ ಪಡೆದ; ಇವರು ದಾಖಲೆಯ ಸಹಿ ಪಡೆಯುತ್ತಾರೆ.

ಹಾಗಾದರೆ ಸುಳ್ಳೆಂದು ಒಪ್ಪಿಕೊಂಡ ಚಿತ್ರಗಳೆಲ್ಲ ನಿರ್ದೋಷಿಗಳೋ? ಇಲ್ಲ. ನನ್ನ ಕಕ್ಷಿದಾರ 999ನ ಮೇಲೆಯೇ ಒಂದು ಗಟ್ಟಿ ಆರೋಪವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಚಿತ್ರಗಳಲ್ಲಿ ಹೆಣ್ಣಿಗೆ ಇರುವ ಕೆಲಸ ನೋಡಿ. ಕ್ಲಬ್ಬಿನಲ್ಲಿ ಕುಣಿಯುವವಳು, ಮೋಹಿಸಿ ಮೋಸ ಮಾಡುವವಳು, ಕೊನೆಗೆ ನಾಯಕನಿಗೆ ಸೋಲುವವಳು. ಜಯಂತಿಯಂಥ ನಟಿ ಬೇರೆ ಚಿತ್ರಗಳಲ್ಲಿ ಹೊತ್ತ ಭಾರಕ್ಕೂ ಗೂಢಚಾರ ಚಿತ್ರ ಅವರ ಕೈಗೆ ಕೊಟ್ಟದ್ದಕ್ಕೂ ಹೋಲಿಕೆಯೇ ಇಲ್ಲ. ಇಂಗ್ಲಿಷಿನ ಬಾಂಡ್‌ನಿಂದ ನಾವು ಕಾರು, ಕೋಟು, ಪಿಸ್ತೂಲು ತಂದದ್ದು ಸರಿ. ಹೆಣ್ಣನ್ನು ನೋಡುವ ಆ ಕಣ್ಣನ್ನೂ ಕಂತೆಯ ಜೊತೆಗೆ ತಂದೆವು. ವಿಮಾನದಿಂದ ಜಿಗಿಯುವುದನ್ನು ಯಾವ ಹುಡುಗನೂ ಮನೆಗೆ ಬಂದು ಮಾಡಿ ನೋಡುವುದಿಲ್ಲ. ಹೆಣ್ಣನ್ನು ಹಾಗೆ ಕಾಣುವುದನ್ನು ಮಾಡಿ ನೋಡುತ್ತಾನೆ. ನಾಚಲೇಬೇಕಿದ್ದರೆ ಇಲ್ಲಿ ನಾಚಬೇಕು, ಮಕ್ಕಳ ಮುಂದೆ ಬಾಯಿಬಿಟ್ಟು ಹೇಳಬೇಕು. ಆದರೆ ಹಾರಿದ್ದಕ್ಕೆ ಬೈಯುವ ಅಪ್ಪ ಇದರ ಬಗ್ಗೆ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ರುಚಿ ಕೆಡುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಬಹಳ ಮಾತು ಬೇಡ. ಮೂರು ಹೊತ್ತೂ ಮಿರ್ಚಿ ಭಜಿ ತಿಂದರೆ ಹೊಟ್ಟೆ ಕೆಡುತ್ತದೆ. ಜಾತ್ರೆಯಲ್ಲಿ ಒಮ್ಮೆ ತಿಂದರೆ ಯಾರಿಗೂ ಏನೂ ಆಗಿಲ್ಲ.

ಕೊನೆಗೆ ಉಳಿಯುವುದು ಎಚ್ಚರದ ಪ್ರಶ್ನೆ. ಸುಳ್ಳು ಯಾವುದು, ನಿಜ ಯಾವುದು ಎಂದು ಗುರುತಿಸಬೇಕಾದರೆ ನಿಜ ನಮ್ಮ ಕೈಯಲ್ಲಿರಬೇಕು. 1948ರ ನಮ್ಮ ಸೀಮೆಯ ನಿಜ ಇನ್ನೂ ಪೂರ್ತಿ ನಮ್ಮ ಕೈಗೆ ಬಂದಿಲ್ಲ. ಸೆಪ್ಟೆಂಬರ್ 17ಕ್ಕೆ ಧ್ವಜ ಏರುತ್ತದೆ, ಭಾಷಣ ಆಗುತ್ತದೆ; ಆದರೆ ರಾಜೇಶ್ವರದಲ್ಲಿ ಆ ಮಧ್ಯಾಹ್ನ ಯಾರು ಏನು ಕಂಡರು, ಗೋರಟಾದಿಂದ ಬದುಕಿ ಬಂದವರಿಗೆ ಬಾಗಿಲು ತೆಗೆದವರು ಯಾರು, ಪೊಲೀಸ್ ಆಕ್ಷನ್ ಆದ ಮೇಲೆ ಯಾವ ಮನೆಯವರು ಯಾರನ್ನು ಕಣಜದಲ್ಲಿ ಅಡಗಿಸಿ ಉಳಿಸಿದರು, ಯಾರು ಉಳಿಸಲಿಲ್ಲ ಎಂಬುದು ಮುದುಕರ ಬಾಯಲ್ಲೇ ಉಳಿದಿದೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಒಂದಲ್ಲ ಒಂದು ದಿನ ಮುಂಬೈಯಿಂದಲೋ ಹೈದರಾಬಾದಿನಿಂದಲೋ ಯಾರೋ ಬಂದು ಬೀದರದ ಆ ರಾತ್ರಿ ವಿಮಾನಗಳ ಮೇಲೆ ದೊಡ್ಡ ಚಿತ್ರ ತೆಗೆಯುತ್ತಾರೆ. ಇಷ್ಟು ಒಳ್ಳೆಯ ಕಥೆಯನ್ನು ಯಾರೂ ಬಹಳ ದಿನ ಬಿಡುವುದಿಲ್ಲ. ಅದು ಹಾರುವ ಚಿತ್ರವಾದರೆ ನಾನೂ ಹೋಗಿ ಸಿಳ್ಳೆ ಹಾಕುತ್ತೇನೆ. ನೈಜ ಘಟನೆ ಎಂದು ಬರೆದುಕೊಂಡು ಬಂದರೆ ಅದರ ಪಕ್ಕದಲ್ಲಿಟ್ಟು ನೋಡಲು ನಮ್ಮಲ್ಲಿ ಏನಾದರೂ ಇರಬೇಕು. ಬಸವಕಲ್ಯಾಣ, ಹುಮನಾಬಾದಿನ ಕಾಲೇಜುಗಳ ಇತಿಹಾಸದ ಮೇಷ್ಟರಲ್ಲಿ, ಮನೆಯಲ್ಲಿ ಹಿರಿಯರಿರುವ ಎಲ್ಲರಲ್ಲಿ ನನ್ನ ವಿನಂತಿ: ಜೇಬಿನಲ್ಲಿರುವ ಫೋನನ್ನು ಹೊರಗೆ ತೆಗೆಯಿರಿ, ಅವರ ಮುಂದಿಡಿ, ಅವರು ಹೇಳಿದ್ದನ್ನು ಹೇಳಿದ ಹಾಗೇ, ಎರಡೂ ಕಡೆಯವರದ್ದೂ, ದಾಖಲು ಮಾಡಿ. ಚಿತ್ರಕಥೆ ಬರೆಯುವವರು ಬರುವ ಮೊದಲೇ ಮಾಡಿ.